ರುದ್ರಯ್ಯನವರು ಸೂಜಿ ತೂಗಿದ್ದು

ಕೊಬ್ಬರಿ ಮಂಡಿ ರುದ್ರಯ್ಯನವರು ಜೀವಮಾನದಲ್ಲಿ ಯಾವತ್ತೂ ಮೋಸ ಹೋದವರಲ್ಲ! ಬೇಕಾದರೆ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಯಾರನ್ನಾದರೂ ಕೇಳಿ. ಬೇರೆ ಯಾರೂ ಹೇಳದಿದ್ದರೆ ಖುದ್ದು ರುದ್ರಯ್ಯನವರೇ ಹೇಳುತ್ತಾರೆ. ಮೂಟೆಗೆ ಕೈ ಹಾಕಿ ಒಂದೇ ಒಂದು ಕೊಬ್ಬರಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಟಪ್ಪನೆ ಒಡೆದು ಮೂಸಿದರೆಂದರೆ ಇಡೀ ಮೂಟೆಯ ಜಾತಕ ಅವರ ನಾಲಿಗೆಯ ತುದಿಯಲ್ಲಿ! "ಅಳೆದು ತೂಗದೆ ನಾನು ಯಾವ ಕೆಲಸಾನೂ ಮಾಡೋನಲ್ಲ. ಇವ್ಳನ್ನೂ ಅಂಗೇ ತೂಗಿ ನೋಡೇ ಮದ್ವೆ ಆಗಿದ್ದು" ಎಂದು ಹೆಂಡತಿ ದಾಕ್ಷಾಯಣಮ್ಮನವರ ಎದುರಿಗೇ ನೆಂಟರ ಮುಂದೆ ಮೀಸೆ ತಿರುವುತ್ತಿದ್ದರು.

"ನಮ್ಮನೇಲೂ ತಕ್ಕಡಿ ಇತ್ತು. ನಮ್ಮಪ್ಪ ಅದುನ್ನ ಅಟ್ಟದ ಮ್ಯಾಲೆ ಇಟ್ಟಿದ್ದೇ ತಪ್ಪಾಯ್ತು" ಎನ್ನುವರು ದಾಕ್ಷಾಯಣಮ್ಮ, ಒಲೆಯ ಕಡೆಯಿಂದ ತಲೆ ಎತ್ತದೆ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ರೇಷನ್ನು, ಪೆಟ್ರೋಲಿಲ್ಲದೆ ಬಸ್ಸಿಗೆ ಇದ್ದಿಲು, ಎಲ್ಲದಕ್ಕೂ ಬರ. ಇಲಿಗೆ ಮಾತ್ರ ಬರವಿರಲಿಲ್ಲ! ಪುಷ್ಯಮಾಸದ ಒಂದು ಬೆಳಿಗ್ಗೆ ಪೇಟೆಬೀದಿಯಲ್ಲಿ ಇಲಿ ಸತ್ತು ಬಿತ್ತು. ಇಲಿ ಬಿತ್ತು ಅಂದಮೇಲೆ ಕೇಳಬೇಕೆ? ಪ್ಲೇಗು ಬಂತೆಂದು ಊರಿಗೆ ಊರೇ ಹಾಸಿಗೆ, ಪಾತ್ರೆ, ಒನಕೆ ಸಮೇತ ಎದ್ದು ಊರಾಚೆಯ ತೆಂಗಿನ ತೋಟಗಳಿಗೆ ಹೋಯಿತು. ರುದ್ರಯ್ಯನವರೂ ಗರಿಯ ಗುಡಿಸಲು ಹಾಕಿಸಿ, ಹೆಂಡತಿಯನ್ನೂ ಮುದಿತಾಯಿ ಗುರುಸಿದ್ದಮ್ಮನನ್ನೂ ಮಂಡಿಯ ತಕ್ಕಡಿಯನ್ನೂ ಕರೆತಂದರು. ತಕ್ಕಡಿ ಯಾಕೆ ಅಂದರೆ, ಅದಿಲ್ಲದೆ ಅವರಿಗೆ ನಿದ್ದೆ ಬಾರದು. ಪಕ್ಕದ ಗುಡಿಸಲು ಬೋರಪ್ಪನದು. ಮಂಡಿಗೆ ತೆಂಗಿನಕಾಯಿ ತಂದು ಹಾಕುವ ರೈತ, ಹೆಂಡತಿ ಬೆಟ್ಟಮ್ಮನಿಗೆ ಬಿಟ್ಟರೆ ಇನ್ನಾರಿಗೂ ಹೆದರದ ಗಂಡಸು.

ತೋಟದ ಹೊಂಗೆಮರದಡಿಯಲ್ಲಿ ಡಾಕ್ಟರೊಬ್ಬರು ಮೇಜು ಹಾಕಿಕೊಂಡು ಕೂತರು. ಪ್ಲೇಗು ಬಾರದಿರಲು ಸೂಜಿ! ಎಲ್ಲರಿಗೂ ಪುಕ್ಕಟೆ! ಸಂತೆಯ ಮಾರನೇ ದಿನ ಗಂಟುಮೂಟೆ ಕಟ್ಟಿ ಅರಕಲಗೂಡಿನ ಕಡೆ ಹೊರಡುವುದಾಗಿಯೂ ಸಾರಿಸಿದರು.

ಅದೇ ಹೊತ್ತಿಗೆ ಚನ್ನರಾಯಪಟ್ಟಣದಿಂದ ಬೀಗರು ಷಡಕ್ಷರಪ್ಪನವರು ಬಸ್ಸಿನ ಡ್ರೈವರನ ಬಾಯಲ್ಲಿ ಸುದ್ದಿ ಕಳಿಸಿದರು. ರುದ್ರಯ್ಯನವರ ಮಗಳು ಪ್ರೇಮಕುಮಾರಿಗೆ ಗಂಡುಮಗು! ಇನ್ನು ಹದಿನೈದು ದಿನಕ್ಕೆ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಆದರೆ ಇಲಿ ಬಿದ್ದ ಊರಿನಿಂದ ಬರುವವರು ಸೂಜಿ ಹಾಕಿಸಿಕೊಂಡಿರಬೇಕು, ಹಾಕಿಸಿಕೊಂಡು ಎಂಟು ದಿನ ಕಳೆದಿರಬೇಕು, ಇಲ್ಲದಿದ್ದರೆ ಬೀಗರೇ ಆಗಲಿ ಬ್ರಹ್ಮನೇ ಆಗಲಿ ಹೊಸಿಲು ದಾಟುವಂತಿಲ್ಲ. ಲೆಕ್ಕ ಹಾಕಿದರೆ, ಡಾಕ್ಟರು ಹೊರಡುವ ದಿನವೇ ಕಡೆಯ ಗಡುವು.

ಮೊದಲ ಮೊಮ್ಮಗ! ರುದ್ರಯ್ಯನವರು ಅಕ್ಕಸಾಲಿಯ ಹತ್ತಿರ ಕೂತು ಮಾಡಿಸಿದ ಬೆಳ್ಳಿಯ ಉಡಿದಾರ ಆಗಲೇ ಪೆಟ್ಟಿಗೆಯಲ್ಲಿತ್ತು. ಅದನ್ನು ಆ ಪುಟ್ಟ ಸೊಂಟಕ್ಕೆ ಕಟ್ಟುವ ಕನಸು ದಿನಾ ಬೀಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಡಾಕ್ಟರಿಗೆ ತೋಳು ಒಡ್ಡುತ್ತಿದ್ದರು. ಆದರೆ ಇವರು ರುದ್ರಯ್ಯನವರು!

"ಮೂಸಿ ನೋಡ್ದೆ ಒಂದು ಕೊಬ್ಬರಿ ಮಂಡಿಯೊಳಕ್ಕೆ ಬಿಡೋನಲ್ಲ ನಾನು, ಇನ್ನು ಮೈಯೊಳಕ್ಕೆ ಔಷಧಿ ಬಿಟ್ಕತೀನಾ? ಮೊದ್ಲು ವಿಚಾರಣೆ ಆಗ್ಬೇಕು!" ಎಂದು ಘೋಷಿಸಿದರು.

ವಿಚಾರಣೆ ಶುರುವಾಯಿತು. ಬಾಗೂರಿನಿಂದ ಬಂದವನೊಬ್ಬ, ಸೂಜಿ ಚುಚ್ಚಿದ ತೋಳು ಬೂದುಗುಂಬಳದಷ್ಟು ಊದುತ್ತದೆ ಎಂದ. ರುದ್ರಯ್ಯನವರು ತಕ್ಕಡಿಯ ಎಡತಟ್ಟೆಗೆ ಒಂದು ಹುಣಸೇಬೀಜ ಹಾಕಿದರು. ಸೂಜಿ ಹಾಕಿಸಿಕೊಂಡ ಮನೆಯಲ್ಲಿ ಒಬ್ಬರಿಗೂ ಪ್ಲೇಗಿನ ಗೆಡ್ಡೆ ಏಳಲಿಲ್ಲ ಎಂದಳು ಸೊಪ್ಪಿನ ಲಕ್ಕಮ್ಮ. ಬಲತಟ್ಟೆಗೆ ಒಂದು. ಅರಕಲಗೂಡಿನಲ್ಲಿ ಒಬ್ಬನಿಗೆ ಸೂಜಿ ಹಾಕಿದ ಮೇಲೆ ಸ್ವಂತ ಮಾವನ ಹೆಸರೇ ಮರೆತುಹೋಯಿತಂತೆ! ಎಡಕ್ಕೆ ಒಂದು.

"ಅದುಕ್ಕೆ ಸೂಜಿ ಯಾಕೆ? ನಮ್ಮಪ್ಪನ ಹೆಸ್ರು ನೀವು ಅಂಗೇ ಮರ್ತಿಲ್ವ?" ಎಂದರು ದಾಕ್ಷಾಯಣಮ್ಮ. ಎಡಗಡೆಯ ಬೀಜ ಹೊರಕ್ಕೆ ಬಂತು.

ಸೂಜಿ ಹಾಕಿಸಿಕೊಂಡವನನ್ನು ಹಾವು ಕಚ್ಚಿದರೆ ಹಾವೇ ಸಾಯುತ್ತದೆ ಎಂದು ಇನ್ನೊಬ್ಬ ಹೇಳಿದ. ಇದು ಒಳ್ಳೆಯದೋ ಕೆಟ್ಟದ್ದೋ? ಯಾವ ತಟ್ಟೆಗೆ ಹಾಕಬೇಕು? ರುದ್ರಯ್ಯನವರು ಬೀಜವನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು, ಕೊನೆಗೆ ಬಾಯಿಗೆ ಹಾಕಿಕೊಂಡರು. ಸಂಜೆಯ ಹೊತ್ತಿಗೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತ್ತು. ತಲೆ ಮಾತ್ರ ಗಿರ್‍ರನೆ ತಿರುಗುತ್ತಿತ್ತು.

ಸರಿ, ಡಾಕ್ಟರನ್ನೇ ಕೇಳೋಣವೆಂದು ಹೋದರು.

"ಸಾ, ಇದ್ರಿಂದ ಏನೂ ತೊಂದ್ರೆ ಇಲ್ಲ ತಾನೆ?"

"ಯಾಕಿಲ್ಲ? ತೋಳು ಊದುತ್ತೆ, ನೋಯುತ್ತೆ. ಒಂದೆರಡು ದಿನ ಜ್ವರಾನೂ ಬರಬಹುದು. ಆಮೇಲೆ ಇಳಿಯುತ್ತೆ. ಪ್ಲೇಗು ಬಂದರೆ ಇಳಿಯೋದು ಕಷ್ಟ. ಇಷ್ಟೇ ಯಜಮಾನರೇ ವಿಷಯ" ಎಂದರು ಡಾಕ್ಟರು.

ರುದ್ರಯ್ಯನವರಿಗೆ ಎದೆ ಧಸಕ್ಕೆಂದಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ತನ್ನ ಸರಕಿನ ಹುಳುಕನ್ನು ತಾನೇ ಹೇಳುವ ಆಸಾಮಿಯನ್ನು ಅವರು ಕಂಡಿರಲಿಲ್ಲ! "ನೋಡ್ದಾ? ಮಾರೋನೇ ಇಷ್ಟು ಹುಳುಕು ಹೇಳ್ತಾನೆ ಅಂದ್ರೆ, ಹೇಳ್ದೆ ಇರೋದು ಇನ್ನೆಷ್ಟಿರಬೇಕು!" ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಪಿಸುಗುಟ್ಟಿದರು.

"ಏನೂ ಆಗಲ್ಲ ಅಂದಿದ್ರೆ?"

"ಸುಳ್ಳು ಹೇಳ್ತಾನೆ ಅಂತಿದ್ದೆ!"

ಮೂಲೆಯಲ್ಲಿ ಕೂತಿದ್ದ ಗುರುಸಿದ್ದಮ್ಮ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಲೋ ರುದ್ರ, ಸಣ್ಣೋನಿದ್ದಾಗ ಸಿಡುಬಿನ ದಾಕು ಹಾಕೋರು ಬಂದಾಗ್ಲೂ ನೀನು ಕಣಜದೊಳಗೆ ಅವುತ್ಕಂಡಿದ್ದೆ. ಎಳ್ಕಂಡು ಬಂದು ಹಾಕ್ಸಿದ್ದಕ್ಕೆ ಇವತ್ತು ತಕ್ಕಡಿ ಹಿಡ್ಕಂಡು ಕುಂತಿದೀಯ" ಎಂದರು.

ತಾಯಿಯ ಮಾತನ್ನು ರುದ್ರಯ್ಯನವರು ಯಾವ ತಟ್ಟೆಗೂ ಹಾಕಲಿಲ್ಲ.

ಮಾರನೇ ದಿನ ಬೆಳಿಗ್ಗೆ ನೋಡುತ್ತಾರೆ, ಬೋರಪ್ಪ ತೋಳಿಗೆ ಬಟ್ಟೆ ಸುತ್ತಿಕೊಂಡು ಮೆಲ್ಲಗೆ ಬರುತ್ತಿದ್ದಾನೆ!

"ಏನಯ್ಯಾ ಬೋರಪ್ಪಾ, ತೋಳಿಗೇನಾಯ್ತು?"

"ಸೂಜಿ, ಸಾವ್ಕಾರ್ರೇ! ಆಕುಸ್ಕಣ್ದಿದ್ರೆ ಇಟ್ಟು ಇಕ್ಕಲ್ಲ ಅಂದ್ಬುಟ್ಲು ನಮ್ಮವ್ಳು. ಓಗಿ ಚುಚ್ಚುಸ್ಕಂಡ್ಬುಟ್ಟೆ. ಏನ್ ಉರಿ ಅಂತೀರಾ!"

ರುದ್ರಯ್ಯನವರ ತಲೆಯಲ್ಲಿ ಬೆಳಕು ಹರಿಯಿತು. ಇಷ್ಟು ದಿನ ಮಾತನ್ನು ತೂಗುತ್ತಾ ಕೂತಿದ್ದೇ ತಪ್ಪು! ಮೂಟೆಯಿಂದ ಒಂದು ಕೊಬ್ಬರಿ ತೆಗೆದು ನೋಡಿದರೆ ಆಯಿತಲ್ಲ! ಸೂಜಿ ಹಾಕಿಸಿಕೊಂಡವರ ಮೂಟೆಯಿಂದ ಬೋರಪ್ಪ. ಹಾಕಿಸಿಕೊಳ್ಳದವರ ಮೂಟೆಯಿಂದ, ಹುಡುಕುವುದೇ ಬೇಡ, ಮನೆಯಲ್ಲೇ ಇರುವ ದಾಕ್ಷಾಯಣಮ್ಮ. ಸಂತೆಯವರೆಗೂ ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಆಮೇಲೆ ತೀರ್ಮಾನ. ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಬೋರಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, "ಎಲ್ಲಿ, ನಾಲಿಗೆ ಚಾಚು!" ಎಂದರು.

ಅವತ್ತಿನಿಂದ ಬೋರಪ್ಪನ ಹಿಂದೆ ನೆರಳಿನ ಹಾಗೆ ರುದ್ರಯ್ಯನವರು! ಬೋರಪ್ಪ ಹಗಲುಹೊತ್ತು ಮರದಡಿ ಗೊರಕೆ ಹೊಡೆದರೆ, "ನೋಡು, ಸೂಜಿ ರಕ್ತಕ್ಕೆ ಇಳೀತು, ಮಂಪರು!" ಸೊಪ್ಪಾಗಿದೀನಿ ಎಂದು ನೀರು ಸೇದಲು ಒಲ್ಲೆನೆಂದರೆ, "ನರ ಸತ್ತುಹೋಯ್ತು!" ಒಬ್ಬನೇ ಕೂತು ನಕ್ಕರೆ, "ತಲೆಗೇರ್ತು!"

"ಬೋರಪ್ಪ ಯಾವತ್ತು ಹಗಲೊತ್ತು ಎದ್ದಿದ್ದ? ಯಾವತ್ತು ನೀರು ಸೇದಿದ್ದ?" ಎಂದು ದಾಕ್ಷಾಯಣಮ್ಮ ಕೇಳಿದರು. ಆವತ್ತು ಅವರ ದನಿ ಯಾಕೋ ಸಣ್ಣಗಿತ್ತು. "ಇವತ್ತು ರೊಟ್ಟಿ ಇಲ್ಲ, ಅನ್ನ ಸಾರು ಅಷ್ಟೆ. ಕೈ ಎತ್ತೋಕಾಗ್ತಿಲ್ಲ. ಬಾವೀಲಿ ಒಂದೆರಡು ಬಿಂದಿಗೆ ನೀವೇ ಸೇದ್ಕೊಡಿ."

"ಸೂಜಿ ಇಲ್ದಿರೋರಿಗೂ ಕೈನೋವು ಬರುತ್ತೆ ಅಂತಾಯ್ತು!" ಎಂದು ರುದ್ರಯ್ಯನವರು ಸಂತೋಷದಿಂದ ಸೂಜಿಯ ಕಡೆಯ ಬಲತಟ್ಟೆಗೆ ಒಂದು ಬೀಜ ಹಾಕಿದರು. ಗುರುಸಿದ್ದಮ್ಮನವರೂ ಕಂಬಳಿ ಹೊದ್ದು ಮುದುರಿಕೊಂಡಿದ್ದರು. ಪುಷ್ಯದ ಚಳಿ, ವಯಸ್ಸಾದವರು, ಸಹಜ. ಗೊಣಗುತ್ತಾ ನೀರು ಸೇದಿಕೊಟ್ಟು, ಬೋರಪ್ಪನ ಹಣೆ ಮುಟ್ಟಿ ನೋಡಲು ಓಡಿದರು.

ಸಂತೆಯ ಮಾರನೇ ದಿನ ಬೆಳಿಗ್ಗೆ ಡಾಕ್ಟರ ಮೇಜಿನ ಮುಂದೆ ಉದ್ದನೆಯ ಸಾಲು. ಕಡೆಯ ದಿನವಲ್ಲವೇ! ಅಷ್ಟರಲ್ಲಿ ಬೋರಪ್ಪನ ಗುಡಿಸಲಿನಿಂದ, "ಅಯ್ಯಯ್ಯೋ ಸತ್ತೆ ಕಣಮ್ಮೀ!" ಎಂಬ ಆರ್ಭಟ ಕೇಳಿತು. ರುದ್ರಯ್ಯನವರು ನುಗ್ಗಿ ನೋಡುತ್ತಾರೆ, ಬೋರಪ್ಪ ಊದಿಕೊಂಡ ಹೊಟ್ಟೆಯನ್ನು ತಬ್ಬಿಕೊಂಡು ಚಾಪೆಯ ಮೇಲೆ ಉರುಳಾಡುತ್ತಿದ್ದಾನೆ!

ಮುಗಿಯಿತು! ತೋಳಿನಲ್ಲಿ ಏಳಬೇಕಾದ ಊತ ಹೊಟ್ಟೆಗಿಳಿದಿದೆ! ರುದ್ರಯ್ಯನವರು ಓಡಿಬಂದು ಒಗೆಯುವ ಕಲ್ಲಿನ ಮೇಲೆ ನಿಂತು ಕೂಗಿದರು: "ಯಾರೂ ಸೂಜಿ ಹಾಕ್ಸ್ಕೋಬೇಡ್ರಪ್ಪೋ! ನಾನು ಪರೀಕ್ಷೆ ಮಾಡಿ ನೋಡಿದೀನಿ. ಬೋರಪ್ಪ ಓಗ್ತಾ ಅವ್ನೆ!"

ಸಾಲು ಒಡೆದುಹೋಯಿತು. ಪೇಟೆಯಲ್ಲಿ ರುದ್ರಯ್ಯನವರ ತೂಕ ಎಂದರೆ ತೂಕ. ಅವರೇ ಬೇಡ ಅಂದಮೇಲೆ ಯಾರು ನಿಲ್ಲುತ್ತಾರೆ? ಡಾಕ್ಟರು ಸಿಟ್ಟಿನಿಂದ ಕೆಂಪಾಗಿ, ಪೆಟ್ಟಿಗೆ ಹಿಡಿದು ಬೋರಪ್ಪನ ಗುಡಿಸಲಿಗೆ ಬಂದರು. ಹಿಂದೆ ಇಡೀ ತೋಟ.

"ರಾತ್ರಿ ಏನು ತಿಂದೆ?"

"ಇತುಕಿದ ಅವ್ರೆಬ್ಯಾಳೆ ಸಾರು, ಸಾ."

"ಎಷ್ಟು?"

ಬೋರಪ್ಪ ಹೆಂಡತಿಯ ಮುಖ ನೋಡಿದ. ಬೆಟ್ಟಮ್ಮ ಹೇಳಿದಳು: "ಸೂಜಿ ಚುಚ್ಚುಸ್ಕಂಡು ಸೊರಗೋಗವ್ನೆ ಅಂತ ನಾನೇ ಇಕ್ಕುದ್ನಪ್ಪ. ಇಕ್ಕುದ್ದೆಲ್ಲಾ ಉಂಡ. ಆಮ್ಯಾಕೆ ಗಡಿಗೇನೂ ಬಳ್ದ."

"ಎಲ್ಲಿ, ತೋಳು ಬಿಚ್ಚು." ಡಾಕ್ಟರು ಬಟ್ಟೆ ಬಿಚ್ಚಿದರು. ತೋಳು ನುಣ್ಣಗೆ, ಎಣ್ಣೆ ಹಚ್ಚಿದ ಒನಕೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಊತವಿಲ್ಲ, ಚುಚ್ಚಿದ ಗುರುತಿಲ್ಲ! "ನಾನು ಇವನಿಗೆ ಸೂಜಿನೇ ಹಾಕಿಲ್ವಲ್ಲ! ಸಾಲಿನಲ್ಲಿ ನಿಂತಿದ್ದವನು, ಮುಂದಿನವನಿಗೆ ಚುಚ್ಚೋದು ನೋಡಿ ಎದ್ದುಬಿದ್ದು ಓಡಿಹೋದವನು ಇವನೇ ಅಲ್ವೆ?"

"ಲೇ ಮೂದೇವಿ!" ಎಂದು ಬೆಟ್ಟಮ್ಮ ಮುದ್ದೆ ಕೋಲು ಹುಡುಕತೊಡಗಿದಳು. ಬೋರಪ್ಪನ ಹೊಟ್ಟೆನೋವು ಅರ್ಧ ಅಲ್ಲೇ ವಾಸಿಯಾಯಿತು.

ರುದ್ರಯ್ಯನವರ ಕಾಲ ಕೆಳಗಿನ ನೆಲವೇ ಕುಸಿಯಿತು. ಆದರೂ ವ್ಯಾಪಾರಿ ಅಷ್ಟು ಸುಲಭಕ್ಕೆ ಬಿಡುತ್ತಾನೆಯೇ? "ಓಗ್ಲಿ ಸಾ, ಇವನು ಸುಳ್ಳೇ ಇರ್ಲಿ. ಆದ್ರೆ ನಮ್ಮನೆಯವ್ಳನ್ನ ನೋಡಿ! ಸೂಜಿ ಗೀಜಿ ಏನೂ ಇಲ್ದೆ ಕಲ್ಲುಗುಂಡಿನಂಗವ್ಳೆ! ಅಂದ್ಮೇಲೆ ಸೂಜಿ ಯಾಕೆ ಬೇಕು ಅಂತೀನಿ!"

ಡಾಕ್ಟರು ದಾಕ್ಷಾಯಣಮ್ಮನ ಕಡೆ ತಿರುಗಿದರು. "ಏನಮ್ಮ, ತೋಳಿನ ಊತ ಇಳೀತಾ? ನಿಮ್ಮತ್ತೆಗೆ ಜ್ವರ ಬಿಡ್ತಾ?"

"ಬಿಡ್ತು ಸಾ" ಎಂದರು ದಾಕ್ಷಾಯಣಮ್ಮ.

ನೆರೆದಿದ್ದವರೆಲ್ಲ ರುದ್ರಯ್ಯನವರ ಕಡೆ ತಿರುಗಿದರು.

"ನೀನು... ಯಾವಾಗ? ಅವ್ವನೂ? ನಂಗ್ಯಾಕೆ ಹೇಳ್ಲಿಲ್ಲ?" ರುದ್ರಯ್ಯನವರ ಬಾಯಿ ತೊದಲಿತು.

"ಹೇಳಿದ್ರೆ ನಮ್ಮಿಬ್ರನ್ನೂ ತಕ್ಕಡೀಲಿ ಕೂರುಸ್ತಿದ್ರಿ. ಮಗಳ ಬಾಣಂತನ ಯಾರು ನೋಡ್ಬೇಕು? ಮೂಟೆ ಗುರುತು ನೋಡ್ದೆ ಕೊಬ್ಬರಿ ಒಡೆದ್ರೆ ಇಂಗೇ ಆಗೋದು." ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ನಂಗೆ ಮೈ ಸುಡ್ತಿದ್ದ ದಿನ ನೀವು ಹೋಗಿ ಬೋರಪ್ಪನ ಹಣೆ ಮುಟ್ಟಿ ನೋಡಿದ್ರಿ."

ಈ ಮಾತಿಗೆ ರುದ್ರಯ್ಯನವರ ಹತ್ತಿರ ತಟ್ಟೆಯೂ ಇರಲಿಲ್ಲ, ಬೀಜವೂ ಇರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಆ ಒಂದೆರಡು ಬಿಂದಿಗೆಗೆ ಗೊಣಗಿದ್ದೂ ನೆನಪಾಯಿತು. ಅಂಗಿಯ ತೋಳು ಮಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, "ಚುಚ್ಚಿ ಸಾ" ಎಂದರು.

"ಚುಚ್ಚಿ ಆಯ್ತು, ಕಣ್ಣು ಬಿಡಿ" ಎಂದರು ಡಾಕ್ಟರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಒಡೆದುಹೋದ ಸಾಲು ಮತ್ತೆ ಕೂಡಲಿಲ್ಲ! "ಸಾವ್ಕಾರ್ರೇ ಬ್ಯಾಡ ಅಂದ್ರು, ಸಾವ್ಕಾರ್ರೇ ಆಕುಸ್ಕಂಡ್ರು. ಏನಾಯ್ತದೋ ನೋಡ್ಕಂಡು ಆಮ್ಯಾಕೆ ನಾವು" ಎಂದು ಎಲ್ಲರೂ ಒಂದೇ ಮಾತು. ಡಾಕ್ಟರು ತಲೆ ಚಚ್ಚಿಕೊಂಡು, "ಇನ್ನು ಎರಡು ದಿನ ಇರ್ತೀನಿ. ಈ ಜನ ಸೂಜಿ ಹಾಕಿಸಿಕೊಳ್ಳದೆ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಅದು ನಿಮ್ಮ ತಲೆಗೆ, ಯಜಮಾನರೇ" ಎಂದು ರುದ್ರಯ್ಯನವರಿಗೆ ಬೆರಳು ತೋರಿಸಿ ಹೋದರು.

ಮಾರನೇ ಬೆಳಿಗ್ಗೆ ರುದ್ರಯ್ಯನವರಿಗೆ ತೋಳು ಊದಿತ್ತು, ಮೈ ಸುಡುತ್ತಿತ್ತು, ಕೀಲು ಕೀಲು ನೋಯುತ್ತಿತ್ತು. ಡಾಕ್ಟರು ಹೇಳಿದ್ದು ಚಾಚೂ ತಪ್ಪದೆ ಬಂದಿತ್ತು. ಕಣ್ಣು ಬಿಟ್ಟರೆ ಗುಡಿಸಲಿನ ಬಾಗಿಲಲ್ಲಿ ಇಡೀ ತೋಟದ ಗಂಡಸರು! ಎಲ್ಲರಿಗಿಂತ ಮುಂದೆ ಕುಕ್ಕರಗಾಲಲ್ಲಿ ಬೋರಪ್ಪ.

"ಸಾವ್ಕಾರ್ರೇ, ಎಲ್ಲಿ, ನಾಲ್ಗೆ ಚಾಚಿ!"

ನರಳಿದರೆ ಕೆಟ್ಟಿತು, ಒಬ್ಬನೂ ಸೂಜಿಯ ಹತ್ತಿರ ಸುಳಿಯುವುದಿಲ್ಲ. ರುದ್ರಯ್ಯನವರು ಹಲ್ಲು ಕಚ್ಚಿ ಎದ್ದು ಕೂತರು. "ಒಂಚೂರು ಜ್ವರ ಅಷ್ಟೇ ಕಣ್ರಯ್ಯಾ, ನಾಳೆಗೆ ಓಗುತ್ತೆ! ಲೇ ಇವ್ಳೇ, ಎರಡು ರೊಟ್ಟಿ ಹಾಕು!" ಎಂದು ಗಟ್ಟಿಯಾಗಿ ಕೂಗಿ, ಎದ್ದು ನಿಂತು, ಬಾವಿಗೆ ಹೋಗಿ, ನೋಯದ ಕೈಯಲ್ಲೇ ಒಂದು ಬಿಂದಿಗೆ ನೀರು ಸೇದಿ ತಂದು ಹೆಂಡತಿಯ ಮುಂದಿಟ್ಟು, ಎಲ್ಲರ ಕಡೆ ತಿರುಗಿ ಹಹ್ಹಹ್ಹಾ ಎಂದು ನಕ್ಕರು.

ಜನ ಎರಡು ಹೆಜ್ಜೆ ಹಿಂದೆ ಸರಿದರು.

"ನೋಡುದ್ರೇನ್ರಪ್ಪಾ! ಎಂಡ್ರುಗೆ ನೀರು ಸೇದ್ಕೊಟ್ರು! ಕಾರಣಿಲ್ದೆ ನಗ್ತಾವ್ರೆ! ಸೂಜಿ ತಲೆಗೇರ್ಬುಡ್ತು ಕಣ್ಲಾ!" ಎಂದ ಬೋರಪ್ಪ.

ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ನಿಂತಿತು. "ನೀರು ಸೇದಿದ್ದು ಸೂಜಿ ಗುಣ ಇರ್ಬೋದು, ಅಂಗಿದ್ರೆ ಊರಿನ ಗಂಡಸ್ರೆಲ್ಲ ಇವತ್ತೇ ಹಾಕ್ಸ್ಕಳಿ" ಎಂದರು ದಾಕ್ಷಾಯಣಮ್ಮ. "ತಲೆಗೇರಿರೋದು ಮಾತ್ರ ಸೂಜಿದಲ್ಲ ಕಣಪ್ಪಾ ಬೋರಪ್ಪ. ಅದು ನಾನು ಮದ್ವೆಯಾಗಿ ಬಂದಾಗ್ಲೇ ಇಂಗೇ ಇತ್ತು!"