ರದ್ದಿ ಪೇಪರಿನ ಮಂಚ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ದಿನವೂ ಬೀದರಿನಿಂದ ಔರಾದಿಗೆ ಬಸ್ಸಿನಲ್ಲಿ ಹೋಗಿ, ಆಯತದ ಸುತ್ತಳತೆ, ವಿಸ್ತೀರ್ಣ ಎಂದು ಗಂಟಲು ಹರಿದುಕೊಂಡು, ಸಂಜೆ ಗಾಂಧಿ ಗಂಜಿನ ಮಾರುಕಟ್ಟೆಯ ಹಿಂದಿರುವ ನಮ್ಮ ಮನೆಗೆ ಮರಳುತ್ತೇನೆ. ಆ ಮನೆಯಲ್ಲಿಯೂ ಒಂದು ಆಯತವಿದೆ. ಹತ್ತು ಅಡಿಗೆ ಹನ್ನೆರಡು ಅಡಿ, ಮಕ್ಕಳು ಮಲಗುವ ಕೋಣೆ. ನನ್ನ ವಿದ್ಯೆ ಸೋತದ್ದು ಅಲ್ಲಿ.

ಹೋದ ವರ್ಷದವರೆಗೆ ಅದು ನನ್ನ ಮಗಳು ಸುಜಾತಾ ಒಬ್ಬಳದೇ ಕೋಣೆ. ಆಮೇಲೆ ಭಾಲ್ಕಿ ಕಡೆಯ ಹಲಬರ್ಗಾದಲ್ಲಿದ್ದ ನನ್ನ ತಂಗಿ ರಮಾ ಕಾಯಿಲೆ ಬಿದ್ದು ತೀರಿಕೊಂಡಳು. ಒಂದು ಹೊಲಿಗೆ ಮಷೀನಿನ ಮೇಲೆ ಅರ್ಧ ಊರಿನ ಜಂಪರು ಹೊಲಿದವಳು ಅವಳು. ಅವಳ ಮಗಳು ಪ್ರಜ್ಞಾಳನ್ನು ಅವಳ ತಂದೆ, ನಮ್ಮ ಭಾವ, ಓದಲೆಂದು ನಮ್ಮಲ್ಲಿ ತಂದು ಬಿಟ್ಟರು. ಇಬ್ಬರೂ ಎಂಟನೆಯ ತರಗತಿ. ಬಾಗಿಲ ಹಿಂದೆ ಅವಳಿಗೊಂದು ಮಂಚ ಹಾಕಿ, ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಸುಜಾತಾ ಒಂದು ದಿನ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಕಿಟಕಿ, ಫ್ಯಾನು ಎರಡೂ ಅವಳ ಕಡೆಗೇ ಬಂದವು. ಏನು ಕೇಳಿದರೂ ಪ್ರಜ್ಞಾಳದು ಒಂದೇ ಮಾತು, "ಇರಲಿರಿ ಮಾಮಾ." ಎಂಥ ಒಳ್ಳೆಯ ಹುಡುಗಿ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಎಂಟು ತಿಂಗಳ ಮೇಲೆ ನನ್ನ ಹೆಂಡತಿ ಹೇಳಿದಳು: "ಅದು ಒಳ್ಳೇತನ ಅಲ್ಲರಿ. ಆ ಹುಡುಗಿ ನಮ್ಮ ಮನ್ಯಾಗ ಇನ್ನಾ ನಾಕ ದಿನಕ್ಕ ಬಂದ ಬೀಗರಂಗ ಅದಾಳ. ಮೊದಲ ಆ ಖೋಲಿ ಹೊಂದಸ್ರಿ."

ಹೊಂದಿಸುವುದೇನು ಮಹಾ! ಭಾನುವಾರ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದೆ, ಒಂದಡಿಗೆ ಒಂದು ಸೆಂಟಿಮೀಟರ್ ಎಂದು ಇಬ್ಬರಿಗೂ ಪಾಠ ಮಾಡಿದೆ, ಏದುಸಿರು ಬಿಡುತ್ತ ಮಂಚ, ಕಪಾಟು ಎಲ್ಲ ಸರಿಸಿದೆವು. ಎಲ್ಲ ನಕ್ಷೆಯಂತೆಯೇ ಕೂತಿತು. ಆದರೆ ಕಪಾಟಿನ ಬಾಗಿಲು ಮಂಚಕ್ಕೆ ಬಡಿದು ಗೇಣಿನಷ್ಟೇ ತೆರೆಯಿತು. ಬಾಗಿಲು ಇರುವುದು ತೆರೆಯಲಿಕ್ಕೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಸುಜಾತಾ ಸಂದಿಯಲ್ಲಿ ಕೈ ತೂರಿಸಿ ಅಂಗಿಯ ಒಂದು ತೋಳು ಹೊರಗೆಳೆದು, "ಅಪ್ಪಾ, ಇನ್ನ ದಿನಾ ತೋಳಷ್ಟೇ ಹಾಕ್ಕೊಂಡು ಸಾಲಿಗಿ ಹೋಗ್ಲೇನು?" ಅಂದಳು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದವನು ಬೇಗ ಬರಲಿಲ್ಲ.

ಬಂದಾಗ ಪ್ರಜ್ಞಾ ರದ್ದಿ ಪೇಪರಿನ ನಡುವೆ ಕತ್ತರಿ ಹಿಡಿದು ಕೂತಿದ್ದಳು. ಹಾಳೆಗೆ ಹಾಳೆ ಅಂಟಿಸಿ ಮಂಚದಷ್ಟೇ ದೊಡ್ಡ ಪೇಪರಿನ ಮಂಚ ಮಾಡಿದ್ದಳು. ಕಪಾಟಿನ ಪೇಪರಿಗೆ ಬಾಗಿಲು ತಿರುಗುವಷ್ಟು ದುಂಡನೆಯ ತುಂಡೂ ಇತ್ತು.

"ಇದನ್ನು ಯಾರು ಹೇಳಿಕೊಟ್ಟರು?" ಎಂದೆ.

"ಅವ್ವ ಹಿಂಗೇ ಮಾಡ್ತಿದ್ಳುರಿ ಮಾಮಾ. ಅರಿವಿಗಿ ಕತ್ರಿ ಹಚ್ಚೋಕಿಂತ ಮೊದಲ ಪೇಪರಿಗಿ ಹಚ್ತಿದ್ಳು. ಪೇಪರ್ ಕೆಟ್ರ ಯಾರೂ ಅಳಲ್ಲ ಅಂತಿದ್ಳು."

ನಮ್ಮ ಮನೆಯಲ್ಲಿ ಅವಳು ತಾಯಿಯ ಮಾತೆತ್ತಿದ್ದು ಅದೇ ಮೊದಲು. ಸುಜಾತಾ ಅವಳ ಪಕ್ಕ ಕೂತು ಮೇಜಿನ ಪೇಪರು ಕತ್ತರಿಸತೊಡಗಿದಳು. ಆಮೇಲೆ ಇಬ್ಬರೂ ಪೇಪರಿನ ಮಂಚಗಳ ಮೇಲೆ ಮಲಗಿ ಫ್ಯಾನಿನ ಗಾಳಿ ನೋಡಿದರು, ಎದ್ದು ಸರಿಸಿದರು, ಜಗಳಾಡಿದರು, ಮತ್ತೆ ಮಲಗಿದರು. ಸೀಮೆಸುಣ್ಣದ ಗೆರೆ ಅವರ ಮೊಣಕಾಲಿಗೇ ಅಳಿಸಿಹೋಯಿತು. ಕೊನೆಗೆ ಕಿಟಕಿಯ ಬಳಿ ಪ್ರಜ್ಞಾ ಕತ್ತರಿಸಿಟ್ಟಿದ್ದ ಒಂದು ಸಣ್ಣ ತುಂಡು ಉಳಿಯಿತು.

"ಇದು ಯಾತರದು?" ಎಂದಳು ಸುಜಾತಾ.

"ಏನಿಲ್ಲ, ಇರಲಿ," ಎಂದು ಪ್ರಜ್ಞಾ ಅದನ್ನು ಮಡಚಹೋದಳು.

ಸುಜಾತಾ ಅವಳ ಕೈ ಹಿಡಿದಳು. "ಅತ್ತಿ ಮಷೀನಿಂದೇನು?"

ಪ್ರಜ್ಞಾ ಹೌದೆಂದು ತಲೆಯಾಡಿಸಿದಳು. ಆಮೇಲೆ ಅತ್ತಳು. ಎಂಟು ತಿಂಗಳಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು. ಸುಜಾತಾ ತನ್ನ ಮೇಜಿನ ಪೇಪರನ್ನು ತೆಗೆದು ಮಡಚಿಟ್ಟು, "ನಾ ಮಂಚದ ಮ್ಯಾಲ ಕೂತು ಓದ್ತೇನಿ. ಈಗ ನೋಡು, ಜಾಗಾ ಅದ," ಎಂದಳು. ನಾನು ಗ್ರಾಫ್ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತೀರಿಕೊಂಡವಳು ನನ್ನ ತಂಗಿ. ಆ ಮಷೀನು ಹಲಬರ್ಗಾದಲ್ಲಿ ಗೋಣಿ ಹೊದ್ದು ಮೂಲೆಯಲ್ಲಿ ಕೂತದ್ದನ್ನು ನಾನು ಎರಡು ಸಲ ನೋಡಿ ಬಂದಿದ್ದೆ. ಇಲ್ಲಿಗೆ ತರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮುಂದಿನ ವಾರ ಭಾವ ಗಾಂಧಿ ಗಂಜಿಗೆ ತೊಗರಿ ಮಾರಲು ತಂದಾಗ ಮೂಟೆಗಳ ಮೇಲೆ ಮಷೀನೂ ಬಂತು. ಪೇಪರು ಹಾಸಿದ್ದ ಜಾಗದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂತಿತು. ಪ್ರಜ್ಞಾ ಎಣ್ಣೆ ಬಿಟ್ಟು, ದಾರ ಪೋಣಿಸಿ, ಮೊದಲ ಗಿರಾಕಿಯಾಗಿ ನನ್ನನ್ನು ಕರೆದಳು. ಪಾಯಜಾಮ ಹೊಲಿಯಬೇಕಂತೆ.

"ಸೊಂಟದ ಅಳತಿ ಎಷ್ಟರಿ ಮಾಮಾ?"

"ಮೂವತ್ನಾಲ್ಕು," ಎಂದೆ, ಮಾಸ್ತರನ ದನಿಯಲ್ಲಿ.

ಅವಳು ಟೇಪು ಸುತ್ತಿ ನೋಡಿ, "ಮೂವತ್ತೆಂಟು!" ಎಂದು ಕೂಗಿದಳು. ಹುಡುಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪ್ರಜ್ಞಾಳ ನಗು ಹೇಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಟೇಪು ಹಳೆಯದು, ಸರಿಯಾಗಿ ಮತ್ತೊಮ್ಮೆ ಅಳೆ ಎಂದೆ. ಅಳೆದಳು. ಮೂವತ್ತೊಂಬತ್ತು ಬಂತು. ಮೊದಲ ಸಲ ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡಿದ್ದೆ.