ನಾಲ್ಕನೆಯ ಬೀಳ್ಕೊಡುಗೆಯಲ್ಲಿ ತಾಯಂದಿರು ಅಳುವ ಕುರಿತು

ಕ್ರೀಡಾ ಅರ್ಹತಾ ವಿಭಾಗ
ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ (ಹಿಂಬದಿ, ಪಾಪ್‌ಕಾರ್ನ್ ಯಂತ್ರದ ಪಕ್ಕ), ಇಂಡಿಯಾನಾ

ಸಂಖ್ಯೆ: ಕ್ರೀಅವಿ/ಕಣ್ಣೀರು/4
ದಿನ: ಶುಕ್ರವಾರ

ವಿಷಯ: ಶನಿವಾರದ ಬೀಳ್ಕೊಡುಗೆಯಲ್ಲಿ ಆಟಗಾರರ ತಾಯಂದಿರ ಕಣ್ಣೀರನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: (ಅ) ನ್ಯಾಯಾಲಯದ ಹಿಂದಿನ ಮೂರು ಆದೇಶಗಳು. (ಆ) ಬುಧವಾರದ ಬೀಳ್ಕೊಡುಗೆ ತಾಲೀಮಿನಲ್ಲಿ ಆಟಗಾರ ಶ್ರೀ ಒರೆನ್‌ರವರ ತಾಯಿ ಶ್ರೀಮತಿ ಲುವೆಲಾ ಟಿಲ್‌ಮನ್‌ರವರ ಒಣಗಿದ ಕಣ್ಣುಗಳು.

ಕೊನೆಯ ವರ್ಷದ ಆಟಗಾರನನ್ನು ತಾಯಿಯು ಕೈಹಿಡಿದು ಅಂಗಣದ ನಡುವೆ ಕರೆತಂದು, ಹೂಗುಚ್ಛ ಪಡೆದು ಅಳುವುದು ಇಲ್ಲಿನ ವಾಡಿಕೆಯಾಗಿರುತ್ತದೆ. ಶ್ರೀ ಒರೆನ್ ಟಿಲ್‌ಮನ್‌ರವರನ್ನು ಈಗಾಗಲೇ ಮೂರು ಬಾರಿ ಬೀಳ್ಕೊಡಲಾಗಿದ್ದು, ಮೂರು ಬಾರಿಯೂ ಅವರು ನ್ಯಾಯಾಲಯದಿಂದ ವಿಶ್ವವಿದ್ಯಾಲಯದ ತಂಡದಲ್ಲಿ ಇನ್ನೊಂದು ವರ್ಷ ಆಡುವ ಅರ್ಹತೆ ಪಡೆದು ವಾಪಸಾಗಿರುತ್ತಾರೆ. ತಂಡದ ಹೊಸ ಹುಡುಗರು ಅವರನ್ನು ಅಂಕಲ್ ಎನ್ನುವುದು ವಿಭಾಗದ ಗಮನಕ್ಕೆ ಬಂದಿದೆ. ನಾಲ್ಕನೆಯ ಅರ್ಜಿಯ ತೀರ್ಪು ಇಂದು ಬರಬೇಕಿದೆ.

ಬುಧವಾರ ತಾಯಿ ಅಳದಿದ್ದುದನ್ನು ಕಂಡ ಕೆಲವರು, ಆಕೆಗೆ ಒಳಗಿನ ಸುದ್ದಿ ಗೊತ್ತು, ಮಗ ಮುಂದಿನ ವರ್ಷವೂ ಆಡುತ್ತಾನೆ ಎಂದು ಬಗೆದು ಬೆಟ್ ಕಟ್ಟಿ, ಬೆಟ್ಟಿಂಗ್ ಆ್ಯಪ್‌ಗಳ ದರವನ್ನು ಬುಡಮೇಲು ಮಾಡಿದ್ದಾರೆ. ಅರ್ಜಿಯನ್ನು ವಿರೋಧಿಸುವ ಎದುರು ವಕೀಲರು, ಬೀಳ್ಕೊಡುಗೆಯೇ ನಾಟಕ ಎಂಬುದಕ್ಕೆ ಅದೇ ಕಣ್ಣುಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ್ದಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಎಲ್ಲ ತಾಯಂದಿರೂ ಒಂದೇ ಪ್ರಮಾಣದಲ್ಲಿ ಅಳತಕ್ಕದ್ದು. ಹೆಸರು ಕೂಗಿದಾಗ ಆರಂಭಿಸಿ, ಛಾಯಾಚಿತ್ರ ತೆಗೆದ ಕೂಡಲೇ ನಿಲ್ಲಿಸತಕ್ಕದ್ದು.

2. ತಂದೆಯವರು ಛಾವಣಿ ನೋಡಲು ಅಡ್ಡಿಯಿಲ್ಲ. ಗಂಟಲು ಸರಿಪಡಿಸಿಕೊಂಡಲ್ಲಿ ಅದನ್ನು ಅರ್ಧ ಅಳು ಎಂದು ಪರಿಗಣಿಸಲಾಗುವುದು.

3. ಸುಳ್ಳು ಕಣ್ಣೀರಿನಿಂದ ದರ ಏರುಪೇರಾಗುವ ಸಂಭವವಿರುವುದರಿಂದ, ಹಾಟ್‌ಡಾಗ್ ಅಂಗಡಿಯಲ್ಲಿ ಈರುಳ್ಳಿ ಹೆಚ್ಚುವುದನ್ನು ಇಂದಿನಿಂದಲೇ ನಿಷೇಧಿಸಲಾಗಿದೆ.

4. ಅಳುವ ಪ್ರತಿಯೊಬ್ಬರೂ ಸ್ವೀಕೃತಿ ಹಾಳೆಯಲ್ಲಿ ಕಾರಣಕ್ಕೆ ಗುರುತು ಹಾಕತಕ್ಕದ್ದು: ಸಂತೋಷ / ದುಃಖ / ಈರುಳ್ಳಿ.

5. ಶಾಲಾ ಬಸ್ ಓಡಿಸುವ ಶ್ರೀಮತಿ ಟಿಲ್‌ಮನ್‌ರವರನ್ನು ವಿಚಾರಿಸಲಾಗಿ, ಬಸ್ಸಿನಿಂದ ಇಳಿಯದೆಯೇ ಕೊಟ್ಟ ಹೇಳಿಕೆ: "ಮೂರು ಸಲ ಅತ್ತಿದೀನಿ ಸಾರ್. ಮೂರು ಸಲಾನೂ ಇವನು ಹಲ್ಲು ಕಿರಿಕೊಂಡು ಮತ್ತೆ ಹಾಸ್ಟೆಲ್‌ಗೆ ಹೋದ. ನಿಮ್ಮ ಮಗ ಏನು ಓದ್ತಿದಾನೆ ಅಂತ ಪಕ್ಕದ ಮನೆಯವರು ಕೇಳಿದ್ರೆ, ಕೋರ್ಟು ಅಂತೀನಿ. ಈ ಸಲ ಮನೆಗೇ ಬರ್ತಾನೆ ಅಂತ ಜಡ್ಜ್ ಸಾಹೇಬ್ರು ಬರೆದು ಕೊಡ್ಲಿ, ಆಮೇಲೆ ನೋಡೋಣ. ಸುಮ್ಸುಮ್ನೆ ಅಳಕ್ಕೆ ನನ್ನತ್ರ ಇನ್ನು ನೀರಿಲ್ಲ." ಸದರಿ ಹೇಳಿಕೆಗೆ ವಿಭಾಗವು ನಕ್ಕಿರುವುದಿಲ್ಲ.

6. ಸಿಬ್ಬಂದಿಯು ಯಾವುದೇ ತಾಯಿಯ ಮೇಲೆ ಬೆಟ್ ಕಟ್ಟಕೂಡದು. ಈಗಾಗಲೇ ಕಟ್ಟಿದವರು ಗೆದ್ದಲ್ಲಿ ಮಾತ್ರ ವಿಭಾಗಕ್ಕೆ ತಿಳಿಸತಕ್ಕದ್ದು.

ಸೇರ್ಪಡೆ: ಈ ಸುತ್ತೋಲೆ ಸಹಿಗೆ ಹೋಗಿದ್ದ ವೇಳೆಯಲ್ಲಿ ಮಾನ್ಯ ನ್ಯಾಯಾಲಯವು ಅರ್ಜಿಯನ್ನು ವಜಾಗೊಳಿಸಿದೆ. ಶ್ರೀ ಒರೆನ್‌ರವರಿಗೆ ಶನಿವಾರದ್ದೇ ಕೊನೆಯ ಪಂದ್ಯವಾಗಿದ್ದು, ಭಾನುವಾರ ಅವರು ಮನೆಗೆ ಹೋಗತಕ್ಕದ್ದು.

ಸಹಿ/-
ಮರ್ವಿನ್ ಗ್ರೇಬಿಲ್
ಅರ್ಹತಾಧಿಕಾರಿ (ಪ್ರಭಾರ)

ಪ್ರತಿಗಳು:
1. ಎದುರು ವಕೀಲರಿಗೆ, ಕಣ್ಣುಗಳನ್ನು ಹಿಂದಿರುಗಿಸುವಂತೆ ಕೋರಿ.
2. ಹಾಟ್‌ಡಾಗ್ ಅಂಗಡಿಗೆ. ಈರುಳ್ಳಿಯನ್ನು ವಶಕ್ಕೆ ಪಡೆದು ಬೀರುವಿನಲ್ಲಿ ಇಡಲಾಗಿದೆ.
3. ಶ್ರೀಮತಿ ಲುವೆಲಾ ಟಿಲ್‌ಮನ್‌ರವರಿಗೆ, ತೀರ್ಪಿನ ನಕಲಿನೊಂದಿಗೆ. ಸ್ವೀಕೃತಿ ಹಾಳೆ ಪೂರ್ತಿ ಒದ್ದೆಯಾಗಿ ವಾಪಸಾಗಿದೆ. ಕಾರಣ: ಈರುಳ್ಳಿ ಎಂದು ಗುರುತು ಹಾಕಿರುತ್ತಾರೆ.