ಮೆಡಿಕಲ್ ಕಾಲೇಜಿಗೆ ನನ್ನದೊಂದು ಅರ್ಜಿ

ಐವತ್ತಾರು ದಾಟಿದ ಮನುಷ್ಯನಿಗೆ ಬರಬಾರದ ಆಸೆಗಳು ಕೆಲವುಂಟು. ಕೆಲವರು ಮೀಸೆಗೆ ಬಣ್ಣ ಹಚ್ಚುತ್ತಾರೆ, ಕೆಲವರು ಹಾರ್ಮೋನಿಯಂ ಕಲಿಯಲು ಹೋಗಿ ಪಕ್ಕದ ಮನೆಯವರ ಮಾತು ಕಳೆದುಕೊಳ್ಳುತ್ತಾರೆ. ನನ್ನದು ಇನ್ನೂ ಸ್ವಲ್ಪ ದೊಡ್ಡದು. ನನಗೆ ಮೆಡಿಕಲ್ ಕಾಲೇಜಿಗೆ ಸೇರಬೇಕೆಂಬ ಆಸೆ. ಔಷಧಿಗಲ್ಲ, ಸೇರುವುದಕ್ಕೇ. ಓದಿದ್ದು ಎಂಟನೇ ಕ್ಲಾಸು, ಅದೂ ದೀಪಾವಳಿ ರಜೆಯವರೆಗೆ. ಅಪ್ಪ ಹಾಸಿಗೆ ಹಿಡಿದ ವರ್ಷ ಮಂಗಳೂರು ಬಂದರಿನ ಐಸ್ ಪ್ಲಾಂಟಿಗೆ ಸೇರಿದವನು ತಂಪಿನ ಜಾಡು ಹಿಡಿದು ಕೊಚ್ಚಿಗೆ ಬಂದೆ. ಈಗ ಕಳಮಶ್ಶೇರಿಯಲ್ಲಿ ನನ್ನದೇ ರೆಫ್ರಿಜರೇಶನ್ ವರ್ಕ್‌ಶಾಪ್ ಉಂಟು. ವಿಲ್ಲಿಂಗ್ಡನ್ ಐಲ್ಯಾಂಡಿನ ಸಿಗಡಿ ಗೋದಾಮಿನಿಂದ ಎಡಪ್ಪಳ್ಳಿಯ ಐಸ್‌ಕ್ರೀಮ್ ಅಂಗಡಿಯವರೆಗೆ ನಾನು ಕೈಯಿಟ್ಟ ಕಂಪ್ರೆಸರುಗಳೆಲ್ಲ ಇವತ್ತಿಗೂ ದಮ್ಮು ಕೆಮ್ಮಿಲ್ಲದೆ ಉಸಿರಾಡುತ್ತಿವೆ. ಇದು ಜಂಬವಲ್ಲ. ಜಂಬವಾದರೂ ಸರಿ, ದುಡಿದವನ ಜಂಬ.

ಆಸೆಗೆ ಕಾರಣಗಳಿವೆ. ಮೊದಲನೆಯದು ಅಕ್ಷರ. ನಾನು ಬರೆದುಕೊಟ್ಟ ಸ್ಪೇರ್ ಪಾರ್ಟಿನ ಚೀಟಿಯನ್ನು ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಚೇಟ್ಟಾ, ಇದು ನೀವು ಬರೆದದ್ದೋ, ಕೋಳಿ ಕೆದಕಿದ್ದೋ?" ಎಂದು ಕೇಳುತ್ತಾನೆ. ಡಾಕ್ಟರರ ಚೀಟಿ ಅದಕ್ಕಿಂತ ಕಡೆಯಾಗಿದ್ದರೂ ಅದೇ ಮನುಷ್ಯ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಆಮೇಲೆ ಆ "ಹ್ಞೂಂ". ನಾನು ಫ್ರಿಜ್ಜಿನ ಹಿಂದೆ ಕೂತು "ಹ್ಞೂಂ" ಎಂದರೆ ಮನೆಯವರು, "ಗ್ಯಾಸು ಹೋಗಿದೆ ಅಂತ ಮಾತ್ರ ಹೇಳ್ಬೇಡಿ, ನಾವು ಫೋನಲ್ಲಿ ವಿಡಿಯೋ ನೋಡಿದ್ದೇವೆ" ಎನ್ನುತ್ತಾರೆ. ಡಾಕ್ಟರು "ಹ್ಞೂಂ" ಎಂದರೆ ಮನೆಮಂದಿಯೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಾರೆ. ಅವರ ರೋಗಿ ತಾನೇ ನಡೆದು ಬರುತ್ತಾನೆ; ನನ್ನ ರೋಗಿಯನ್ನು ನಾಲ್ಕನೇ ಮಹಡಿಯಿಂದ ನಾನೇ ಹೊತ್ತು ಇಳಿಸಬೇಕು. ಇನ್ನು ಸ್ಟೆತಸ್ಕೋಪು. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಕಂಪ್ರೆಸರಿನ ಎದೆಗೆ ಒತ್ತಿ, ಹಿಡಿಯನ್ನು ಕಿವಿಯ ಮೂಳೆಗೆ ಇಟ್ಟು, ಒಳಗೆ ಬೇರಿಂಗ್ ಸವೆದಿದೆಯೋ ವಾಲ್ವ್ ಸೋರುತ್ತಿದೆಯೋ ಹೇಳಬಲ್ಲೆ. ವಿದ್ಯೆ ಒಂದೇ. ಆದರೆ ಅವರು ತಮ್ಮದನ್ನು ಕುತ್ತಿಗೆಗೆ ಹಾಕಿಕೊಂಡು ಹೊರಟರೆ ಜನ ದಾರಿ ಬಿಡುತ್ತಾರೆ. ನಾನು ನನ್ನದನ್ನು ಹಿಡಿದು ಮೆಟ್ರೋ ಸ್ಟೇಷನ್ನಿಗೆ ಹೋದರೆ ಸೆಕ್ಯೂರಿಟಿಯವರು ಪಕ್ಕಕ್ಕೆ ಕರೆಯುತ್ತಾರೆ.

ಇದನ್ನೆಲ್ಲ ಹೆಂಡತಿ ಜಲಜಳ ಹತ್ತಿರ ಹೇಳಿಕೊಂಡರೆ, "ಎಂಟನೇ ಕ್ಲಾಸಿನವರಿಗೆ ಎಂತ ಮೆಡಿಕಲ್ಲು ಮಾರಾಯ್ರೆ? ಮೊದಲು ಬಿ.ಪಿ. ಮಾತ್ರೆ ನುಂಗಿ" ಎನ್ನುತ್ತಾಳೆ. ಜಲಜ ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಆ ಪಾಸಿನ ವಿಷಯ ನನಗೆ ಮರೆಯದಂತೆ ಅವಳು ನೋಡಿಕೊಂಡಿದ್ದಾಳೆ, ಅದರಲ್ಲೂ ವಾದದಲ್ಲಿ ನಾನು ಗೆಲ್ಲುವ ಹೊತ್ತಿಗೆ ಸರಿಯಾಗಿ.

ಹೀಗಿರುವಾಗ ತಿರುವನಂತಪುರದ ಒಂದು ಮೆಡಿಕಲ್ ಕಾಲೇಜಿನಿಂದ ಫೋನು ಬಂತು. ಅನಾಟಮಿ ವಿಭಾಗದ ಕೋಲ್ಡ್ ಚೇಂಬರ್ ಸರಿಯಾಗಿ ತಣಿಯುತ್ತಿಲ್ಲ, ಬರಬಹುದೇ ಎಂದು. ಬರಬಹುದೇ! ಬೆಳಗಿನ ರೈಲಿಗೆ ಹೊರಟೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡದ್ದನ್ನು ನೋಡಿ ಜಲಜ, "ಮೆಶಿನ್ ರಿಪೇರಿಗೋ, ಹೆಣ್ಣು ನೋಡಲಿಕ್ಕೋ?" ಎಂದಳು.

ಆ ಚೇಂಬರಿನಲ್ಲಿ ಯಾರನ್ನು ಇಡುತ್ತಾರೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಮೀನಿನ ಜೊತೆ ಬಾಳಿದವನಿಗೆ ತಣ್ಣಗೆ ಮಲಗಿದವರ ಹೆದರಿಕೆ ಇಲ್ಲ ಎಂದುಕೊಂಡೇ ಹೋದೆ. ವಿಭಾಗದ ಮುಖ್ಯಸ್ಥೆ ನನ್ನದೇ ಪ್ರಾಯದ ಡಾಕ್ಟರಮ್ಮ. "ಹತ್ತು ನಿಮಿಷ ನಿಲ್ಲಿ, ಇವತ್ತು ಹೊಸ ಮಕ್ಕಳ ಮೊದಲ ದಿನ" ಎಂದು ತರಗತಿಯ ಬಾಗಿಲಲ್ಲಿ ನಿಲ್ಲಿಸಿದರು.

ಒಳಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಒಬ್ಬರು ಮಲಗಿದ್ದರು. ಎದೆಯ ಮೇಲೆ ಒಂದು ಹಿಡಿ ಹೂವು. ಸುತ್ತ ಹುಡುಗ ಹುಡುಗಿಯರು, ಅಂಗಡಿಯ ಮಡಿಕೆ ಇನ್ನೂ ಬಿಡದ ಬಿಳಿ ಕೋಟು. ಯಾರ ಕೈಯಲ್ಲೂ ಫೋನಿಲ್ಲ. ಎಲ್ಲರೂ ಒಟ್ಟಿಗೆ ತಲೆ ಬಾಗಿಸಿದರು. ಒಬ್ಬಳು ಹುಡುಗಿ ಕಾಗದ ನೋಡಿ ಓದಿದಳು, ಉಳಿದವರು ಅವಳ ಹಿಂದೆ ಹೇಳಿದರು: ಇವರು ನಮ್ಮ ಮೊದಲ ಗುರುಗಳು, ಇವರೆದುರು ಹಗುರ ಮಾತಾಡುವುದಿಲ್ಲ, ಇವರಿಂದ ಕಲಿತದ್ದನ್ನು ಮರೆಯುವುದಿಲ್ಲ ಎಂದು. ನಾನು ಕೈಯ ಸ್ಪ್ಯಾನರನ್ನು ಕೆಳಗಿಟ್ಟೆ. ತಲೆಯ ಟೋಪಿ ತೆಗೆದೆ. ಚಪ್ಪಲಿಯನ್ನೂ ಬಿಟ್ಟಿದ್ದೆ ಎಂದು ಆಮೇಲೆ ಕಾಲು ತಣ್ಣಗಾದಾಗ ತಿಳಿಯಿತು.

"ಆ ಗುರುಗಳು ಏನು ಓದಿದ್ದರು ಮೇಡಂ?" ಎಂದು ಕೇಳಿದೆ.

"ಹೆಸರು ಹೇಳುವ ಹಾಗಿಲ್ಲ. ನಾಲ್ಕನೇ ಕ್ಲಾಸು ಅಂತ ಅವರ ಮಗ ಹೇಳಿದ ನೆನಪು. ನಾವು ಅದನ್ನು ಕೇಳುವುದಿಲ್ಲ. ಇಲ್ಲಿ ನನಗಿಂತ ದೊಡ್ಡ ಪ್ರೊಫೆಸರ್ ಅವರೇ."

ನಾಲ್ಕನೇ ಕ್ಲಾಸು! ನಾನು ಎಂಟು. ಆವತ್ತು ಆ ಚೇಂಬರನ್ನು ರಿಪೇರಿ ಮಾಡಿದ ಹಾಗೆ ನನ್ನ ಜನ್ಮದಲ್ಲಿ ಯಾವುದನ್ನೂ ಮಾಡಿಲ್ಲ. ಒಂದೊಂದು ಪೈಪನ್ನೂ ಮಗುವಿನ ಕಾಲಿನಂತೆ ಒರೆಸಿದೆ. ಕೈ ತೊಳೆದು ಬಂದು, "ಮೇಡಂ, ಈ ಗುರುಗಳ ಕೆಲಸಕ್ಕೆ ಎಂಟ್ರೆನ್ಸ್ ಪರೀಕ್ಷೆ ಉಂಟಾ?" ಎಂದು ಕೇಳಿದೆ. ಅವರು ನಗಲಿಲ್ಲ. ಮೇಜಿನ ಖಾನೆ ಎಳೆದು ದೇಹದಾನದ ಒಂದು ಫಾರ್ಮ್ ಕೊಟ್ಟರು. "ನಿಮ್ಮ ಸಹಿ ಮಾತ್ರ ಸಾಲದು. ಹೆಂಡತಿಯ ಸಹಿ ಇಲ್ಲದೆ ನಾವು ತೆಗೆದುಕೊಳ್ಳುವುದಿಲ್ಲ" ಎಂದರು.

ರೈಲಿನಲ್ಲಿ ಆ ಫಾರ್ಮನ್ನು ಎಷ್ಟು ಸಲ ಓದಿದೆನೋ. ಹೆಸರು, ಪ್ರಾಯ, ವಿಳಾಸ, ರಕ್ತದ ಗುಂಪು. ವಿದ್ಯಾಭ್ಯಾಸ ಎಂಬ ಕಾಲಮ್ಮೇ ಇಲ್ಲ. ರೇಷನ್ ಕಾರ್ಡಿನಿಂದ ಮಗಳ ಶಾಲೆಯ ಅರ್ಜಿಯವರೆಗೆ ನನ್ನ ಪೆನ್ನು ಬಂದು ನಿಂತುಬಿಡುವ ಜಾಗ ಅದು. ಇಲ್ಲಿ ನಿಲ್ಲದೆ ಓಡಿತು.

ಮನೆಯಲ್ಲಿ ನಿಂತಿತು. ಕೊಚ್ಚಿಯಲ್ಲೇ ಹುಟ್ಟಿ ಬೆಳೆದು ಬಿ.ಕಾಂ. ಓದುತ್ತಿರುವ ಮಗಳು ಫಾರ್ಮ್ ನೋಡಿ, "ಅಚ್ಛಾ, ಸೀರಿಯಸ್ ಆಣೋ?" ಎಂದು, ಅಪ್ಪಾ ಸೀರಿಯಸ್ಸಾ ಎಂಬುದನ್ನು ಮಲಯಾಳದಲ್ಲೇ ಕೇಳಿ, ನನ್ನ ಮುಖ ನೋಡಿದಳು. ಸೀರಿಯಸ್ಸೇ ಎಂದೆ. ಜಲಜ ಅದನ್ನು ಓದಿ ಮಡಚಿ ಅಕ್ಕಿ ಡಬ್ಬದ ಅಡಿಗೆ ಇಟ್ಟಳು.

"ನಿಮಗೆಂತ ಮರ್ಲಾ? ಮನೆಯಲ್ಲಿ ಒಂದು ಗಂಟೆ ಸುಮ್ಮನೆ ಮಲಗಲಿಕ್ಕಾಗದ ಜನ, ಅಲ್ಲಿ ವರ್ಷಗಟ್ಟಲೆ ಮಲಗ್ತೀರಾ?"

"ಆಗ ಮಲಗದೆ ಬೇರೆ ದಾರಿ ಇಲ್ಲವಲ್ಲ."

ಅವಳು ನಗಲಿಲ್ಲ. ಎರಡು ವಾರ ಫಾರ್ಮ್ ಅಕ್ಕಿ ಡಬ್ಬದ ಅಡಿಯಲ್ಲೇ ಇತ್ತು. ಕೊನೆಗೊಂದು ಬೆಳಿಗ್ಗೆ ಬೆನ್ನು ತಿರುಗಿಸಿ ದೋಸೆ ಹೊಯ್ಯುತ್ತಾ ಹೇಳಿದಳು: "ಹೊಟ್ಟೆ ನೋಡಿ ಆ ಮಕ್ಕಳು ನಗುವುದಿಲ್ಲವಾ? ಎಂಟನೇ ಕ್ಲಾಸು ಅಂತ ನಾನು ಹೇಳಬಹುದು. ಬೇರೆ ಯಾರೂ ನಿಮ್ಮನ್ನು ನೋಡಿ ನಗಬಾರದು." ದೋಸೆ ಕರಟಿತು. ಇಪ್ಪತ್ತೇಳು ವರ್ಷಗಳಲ್ಲಿ ಅವಳು ಕರಟಿಸಿದ ಮೊದಲ ದೋಸೆ. ನಾನು ಅದನ್ನು ಚೂರೂ ಬಿಡದೆ ತಿಂದೆ.

ಮುಂದಿನ ಸರ್ವಿಸಿಗೆ ಅವಳನ್ನೂ ತಿರುವನಂತಪುರಕ್ಕೆ ಕರೆದುಕೊಂಡು ಹೋದೆ. ಫಾರ್ಮನ್ನು ಅವಳೇ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಳು, ಸಹಿ ಹಾಕಿ ಕೊಡುವುದಕ್ಕೋ ಹಾಗೇ ವಾಪಸು ಮಾಡುವುದಕ್ಕೋ ಹೇಳಲಿಲ್ಲ. ನಾನು ಮೆಶಿನ್ನಿನ ಹಿಂದೆ ಕೂತು, ಸ್ಕ್ರೂ ಡ್ರೈವರನ್ನು ಕಿವಿಗೆ ಇಟ್ಟುಕೊಂಡೆ. ಕೇಳಿಸಿಕೊಂಡದ್ದು ಮಾತ್ರ ಆಚೆಯ ಮಾತು.

"ಮಕ್ಕಳು ನಗ್ತಾರಾ ಡಾಕ್ಟ್ರೇ?" ಜಲಜ ತನ್ನ ಮಾರ್ಕೆಟ್ ಮಲಯಾಳದಲ್ಲಿ ಕೇಳಿದಳು.

"ಇಪ್ಪತ್ತು ವರ್ಷದಲ್ಲಿ ಒಬ್ಬ ನಕ್ಕ. ಹೊರಗೆ ಕಳಿಸಿದೆ. ಮರುದಿನ ಬಂದು ಮೇಜಿನ ಹತ್ತಿರ ನಿಂತು ಕ್ಷಮೆ ಕೇಳಿದ. ನನ್ನ ಹತ್ತಿರ ಅಲ್ಲ, ಮಲಗಿದವರ ಹತ್ತಿರ."

ಕಂಪ್ರೆಸರ್ ಚೆನ್ನಾಗಿಯೇ ಓಡುತ್ತಿತ್ತು; ಬಡಿದುಕೊಳ್ಳುತ್ತಿದ್ದದ್ದು ನನ್ನ ಎದೆ. ಆಮೇಲೆ ಬ್ಯಾಗಿನ ಜಿಪ್ಪು ಎಳೆದ ಸದ್ದು, ಪೆನ್ನಿನ ಸದ್ದು. ನಾನು ಏಳುವಷ್ಟರಲ್ಲಿ ಜಲಜ ಹೇಳಿದಳು: "ನನಗೂ ಒಂದು ಫಾರ್ಮ್ ಕೊಡಿ. ಇವರೊಬ್ಬರನ್ನೇ ಬಿಟ್ಟರೆ ಮಕ್ಕಳಿಗೆ ಏನಾದರೂ ತಪ್ಪು ಕಲಿಸ್ತಾರೆ."

ಅಂತೂ ನನಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಅದೂ ಮೇಷ್ಟರ ಸೀಟು. ಹೊರಡುವಾಗ ಡಾಕ್ಟರಮ್ಮ ಎದ್ದು ನಿಂತು ನಮಗಿಬ್ಬರಿಗೂ ಕೈ ಮುಗಿದರು. ಜೀವಮಾನದಲ್ಲಿ ಯಾವ ಡಾಕ್ಟರೂ ನನಗಾಗಿ ಎದ್ದವರಲ್ಲ. "ನಾನು ಬರುವುದರೊಳಗೆ ಆ ಬಾಗಿಲಿನ ರಬ್ಬರ್ ಬದಲಾಯಿಸಿಡಿ ಮೇಡಂ, ತಂಪು ಸೋರುತ್ತದೆ" ಎಂದು ಅಧಿಕಾರದಿಂದಲೇ ಹೇಳಿದೆ. ಎದೆ ಉಬ್ಬಿಸಿಕೊಂಡು ಮೇಜಿನ ಮೇಲಿನ ಎರಡು ಫಾರ್ಮುಗಳ ಕಡೆ ಕೊನೆಯ ಸಲ ಕಣ್ಣು ಹಾಯಿಸಿದೆ. ನನ್ನ ಕೋಳಿ ಕೆದಕಿದ ಅಕ್ಷರದ ಪಕ್ಕದಲ್ಲಿ ಜಲಜಳ ಮುತ್ತಿನಂಥ ಅಕ್ಷರ. ಯಾವ ಕಾಲಮ್ಮೂ ಕೇಳದಿದ್ದರೂ, ತನ್ನ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಅವಳು ದುಂಡಗೆ ಬರೆದಿದ್ದಳು: ಎಸ್ಸೆಸ್ಸೆಲ್ಸಿ ಪಾಸು.